ಕೊರಿಯಾದ ಟೀಚರ್ ಮತ್ತು ಗೋಡೆಯಾಚೆಯ ಸದ್ದು

ನನಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅದು ಪೂರ್ತಿ ನಿಜವಲ್ಲ. ಕಣ್ಣಿಂದ ನೋಡಿದ್ದನ್ನು ನಾನು ನಂಬುತ್ತೇನೆ, ಎರಡು ಸಲ ನೋಡಿದ ಮೇಲೆ. ಇದು ಹುಟ್ಟುಗುಣವೋ ಕೆಲಸ ಕಲಿಸಿದ ಗುಣವೋ ಈಗ ಬಿಡಿಸಿ ಹೇಳುವುದು ಕಷ್ಟ. ಅರಬರ ನಾಡಿನ ದಮ್ಮಾಮಿನ ಒಂದು ಪೈಪ್ ಯಾರ್ಡಿನಲ್ಲಿ ನಾನು ವೆಲ್ಡಿಂಗ್ ಇನ್‌ಸ್ಪೆಕ್ಟರ್. ಬೇರೆಯವರು ಬೆಸೆದದ್ದನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ನಮ್ಮ ಕೆಲಸದಲ್ಲಿ ‘ಹೋಲ್ಡ್’ ಎಂಬ ಒಂದು ಹಂತ ಇರುತ್ತದೆ. ಅಲ್ಲಿಗೆ ಬಂದ ಕೆಲಸ ನಿಲ್ಲಲೇಬೇಕು. ಇನ್‌ಸ್ಪೆಕ್ಟರ್ ಬಂದು, ಬಗ್ಗಿ, ಟಾರ್ಚ್ ಹಿಡಿದು, ಕಣ್ಣಾರೆ ನೋಡಿ ಸರಿ ಎನ್ನುವ ತನಕ ಯಾರೂ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಫೋರ್‌ಮನ್ ಬೊಬ್ಬೆ ಹೊಡೆಯಲಿ, ಕ್ರೇನ್ ಕಾದು ನಿಂತಿರಲಿ, ನಾನು ನೋಡದೆ ಸಹಿ ಹಾಕಿದವನಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಇಂಥ ನನಗೆ, ನನ್ನ ಒಬ್ಬಳೇ ಮಗಳನ್ನು ನಾನು ಕಾಲಿಡಲಾಗದ ಜಾಗಕ್ಕೆ ಕಳಿಸಬೇಕಾಗಿ ಬಂತು.

ಅವಳಿಗೆ ಆಗ ಹನ್ನೊಂದು ನಡೆಯುತ್ತಿತ್ತು. ಸೋಫಾದ ಬೆನ್ನಿನ ಮೇಲೆ ನಡೆಯುವುದು, ಬಾಗಿಲ ಚೌಕಟ್ಟಿಗೆ ಕೈಕಾಲು ಒತ್ತಿ ಮೇಲಕ್ಕೆ ಹತ್ತುವುದು, ಹಾಸಿಗೆಯ ಮೇಲಿಂದ ಲಾಗ ಹೊಡೆಯುವುದು ಅವಳ ದಿನಚರಿ. ಕೆಳಗಿನ ಫ್ಲ್ಯಾಟಿನ ಈಜಿಪ್ಟಿನವರು ಬಂದು ಬಾಗಿಲು ತಟ್ಟಿ ಹೋದ ಮೇಲೆ, ಇದನ್ನು ಎಲ್ಲಾದರೂ ಸರಿಯಾಗಿ ಕಲಿಯಲಿ ಎಂದು ಹೆಂಡತಿ ತೀರ್ಮಾನಿಸಿದಳು. ನಾವು ಬಂದ ಕಾಲಕ್ಕೆ ಈ ದೇಶದಲ್ಲಿ ಹೆಣ್ಣುಮಕ್ಕಳಿಗೆ ಇಂಥದ್ದಕ್ಕೆ ಜಾಗವೇ ಇರಲಿಲ್ಲ. ಈಗ ಬೇಕಾದಷ್ಟು ಲೇಡೀಸ್ ಕ್ಲಬ್ಬುಗಳಿವೆ. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ದೊಡ್ಡ ವಿಲ್ಲಾದ ಒಳಗೋಡೆ ಕೆಡವಿ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುವ ಕೇಂದ್ರ ತೆರೆದಿದ್ದರು. ಕಲಿಸುವವರು ಕೊರಿಯಾದ ಹೆಂಗಸು. ಗಂಡ ಯಾವುದೋ ಪ್ಲಾಂಟಿನಲ್ಲಿ ಎಂಜಿನಿಯರ್ ಅಂತೆ. ಆಕೆ ತಮ್ಮ ದೇಶದ ತಂಡದಲ್ಲಿದ್ದವರು ಎಂದು ಮಕ್ಕಳೆಲ್ಲ ಮಾತಾಡಿಕೊಳ್ಳುತ್ತಿದ್ದರು. ಮಕ್ಕಳು ಹೇಳಿದ್ದನ್ನು ತಾಯಂದಿರು ನಂಬಿದ್ದರು. ನಾನು ನಂಬಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಮುಂಬಾಗಿಲ ಗಾಜಿಗೆ ಮಬ್ಬು ಕಾಗದ, ಅದರಾಚೆ ಒಂದು ಪರದೆ. ಒಳಗೆ ಹೋಗುವ ಹೆಂಗಸರ ಫೋನಿನ ಕ್ಯಾಮೆರಾಗಳಿಗೂ ಸ್ಟಿಕ್ಕರ್ ಅಂಟಿಸುತ್ತಾರೆ. ಅದು ಸರಿಯಾದದ್ದೇ. ನನ್ನ ಮಗಳನ್ನು ಬೇರೆಯವರು ವಿಡಿಯೋ ಮಾಡಿದರೆ ನಾನು ಸುಮ್ಮನಿರುತ್ತಿದ್ದೆನೇ? ಆದರೆ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಡ್ಯೂಟಿಗೂ ಮಗಳ ಕ್ಲಾಸಿಗೂ ತಾಳೆಯಾಗುತ್ತಿರಲಿಲ್ಲ. ಹಾಗಾಗಿ ವಾರಕ್ಕೆ ಮೂರು ಸಂಜೆ ಕರೆದುಕೊಂಡು ಹೋಗುವವನೂ ನಾನೇ, ಹೊರಗೆ ಕಾಯುವವನೂ ನಾನೇ. ಪರದೆಯ ಕೆಳಗೆ ಕಾಣುವ ಒಂದು ಜೊತೆ ಬಿಳಿ ಶೂ ಬಿಟ್ಟರೆ ಆ ಕೊರಿಯಾದ ಟೀಚರ್ ಬಗ್ಗೆ ನನಗೆ ಕಂಡದ್ದು ಏನೂ ಇಲ್ಲ.

ಕಾಯುವುದಕ್ಕೆ ಜೊತೆಗೊಬ್ಬರಿದ್ದರು. ಬಂಟ್ವಾಳದ ಕಡೆಯ ಬ್ಯಾರಿ ಸ್ನೇಹಿತ, ಗಾಡಿಗಳ ಸ್ಪೇರ್‌ಪಾರ್ಟ್ಸ್ ಅಂಗಡಿ ಇಟ್ಟವರು. ಅವರ ಮಗಳೂ ಅದೇ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ವಾರ ಅವರ ಕಾರು, ಒಂದು ವಾರ ನನ್ನದು. ಹಿಂದಿನ ಗಲ್ಲಿಯಲ್ಲಿ, ವಿಲ್ಲಾದ ಹಿಂಗೋಡೆಗೆ ಒತ್ತಿ ಕಾರು ನಿಲ್ಲಿಸುತ್ತಿದ್ದೆವು. ಸಂಜೆ ನೆರಳು ಬೀಳುವುದು ಅಲ್ಲಿ ಮಾತ್ರ. ಅವರು ಮೂಲೆಯ ಬಕಾಲಾ ಅಂಗಡಿಯಿಂದ ಎರಡು ಕಪ್ ಚಾ ತಂದು, ತಮ್ಮದನ್ನು ಕುಡಿದು, ಸೀಟು ಹಿಂದಕ್ಕೆ ಚಾಚಿ ನಿದ್ದೆ ಹೊಡೆಯುತ್ತಿದ್ದರು. ಲೋಕವೆಲ್ಲ ಒಳ್ಳೆಯದೇ ಎಂದು ನಂಬಿದವರಿಗೆ ಎಲ್ಲಿ ಬೇಕಾದರೂ ನಿದ್ದೆ ಬರುತ್ತದೆ.

ಕೊರಿಯಾದವರ ಮೇಲೆ ನನಗೆ ಅನುಮಾನ ಬರಲು ಕಾರಣವಿತ್ತು. ದಮ್ಮಾಮಿಗೆ ಬರುವ ಮೊದಲು ನಾನು ಇದೇ ದೇಶದ ಜಿಜಾನಿನಲ್ಲಿ ಒಂದು ಕೊರಿಯನ್ ಕಂಪನಿಯ ಸೈಟಿನಲ್ಲಿದ್ದೆ. ಕೆಲಸ ಅಂದರೆ ಅವರಿಗೆ ಪ್ರಾಣ. ಬೆಳಿಗ್ಗೆ ಎದ್ದರೆ ‘ಪಾಲಿ ಪಾಲಿ’, ಬೇಗ ಬೇಗ. ಊಟದ ಹೊತ್ತಿಗೆ ತಮ್ಮ ತಟ್ಟೆಯದನ್ನೇ ನಮ್ಮ ತಟ್ಟೆಗೆ ಹಾಕುವಷ್ಟು ಪ್ರೀತಿ, ಕೆಲಸದ ಹೊತ್ತಿಗೆ ಅಣ್ಣ ತಮ್ಮ ಯಾರೂ ಇಲ್ಲ. ಅಲ್ಲೊಬ್ಬ ಸೂಪರ್‌ವೈಸರ್ ಇದ್ದ. ತಪ್ಪು ಮಾಡಿದವನ ಹೆಲ್ಮೆಟಿನ ಮೇಲೆ ಅಂಗೈಯಿಂದ ಪಟಾರನೆ ಬಾರಿಸುತ್ತಿದ್ದ. ಪೆಟ್ಟು ಹೆಲ್ಮೆಟಿಗೆ, ಅವಮಾನ ತಲೆಗೆ. ನನ್ನ ಹೆಲ್ಮೆಟಿಗೂ ಒಮ್ಮೆ ಬಿದ್ದಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿ ಉಂಟು.

ಕಾರಿನಲ್ಲಿ ಕೂತು ನಾನು ತನಿಖೆ ಶುರು ಮಾಡಿದೆ. ಫೋನಿನಲ್ಲಿ ಟೀಚರ ಹೆಸರು ಹುಡುಕಿದೆ. ಎಷ್ಟು ಜಾಲಾಡಿದರೂ ಸಿಗಲಿಲ್ಲ, ಮನೆಗೆ ಹೋಗಿ ಹೆಂಡತಿಗೂ ಮಗಳಿಗೂ ಅದನ್ನು ಸಾರಿದೆ. ಸಿಕ್ಕಿದ್ದು ಬೇರೆಯವರ ಸಾಧನೆ. ಸ್ನೇಹಿತರ ನಿದ್ದೆ ಕೆಡದಿರಲೆಂದು ಸದ್ದು ಬಂದ್ ಮಾಡಿಟ್ಟು ಒಂದೊಂದೇ ವಿಡಿಯೋ ನೋಡಿದೆ. ಜಿಮ್ನಾಸ್ಟಿಕ್ಸ್‌ನ ಹಲವು ಸ್ಪರ್ಧೆಗಳಲ್ಲಿ ಕೊರಿಯಾದವರ ಕೈ ಪಳಗಿದ್ದು ವಾಲ್ಟಿನಲ್ಲಿ: ದೂರದಿಂದ ಓಡಿ ಬಂದು, ಸ್ಪ್ರಿಂಗ್ ಹಲಗೆಯಿಂದ ಜಿಗಿದು, ಎತ್ತರದ ಒಂದು ಮೇಜಿನ ಮೇಲೆ ಕೈಯೂರಿ, ಗಾಳಿಯಲ್ಲಿ ತಿರುಗಿ ಆಚೆ ಇಳಿಯುವ ಆಟ. ಎಲ್ಲ ಸೇರಿ ಒಂದು ಸೀನು ಸೀನುವಷ್ಟು ಹೊತ್ತು. ಅಷ್ಟಕ್ಕಾಗಿ ವರ್ಷಗಟ್ಟಲೆ ಮೈ ಹಣ್ಣು ಮಾಡಿಕೊಳ್ಳುತ್ತಾರೆ.

ಬಡವರ ಮನೆಯ ಒಬ್ಬ ಹುಡುಗ ಲಂಡನ್ನಿನಲ್ಲಿ ಅವರ ದೇಶಕ್ಕೆ ಈ ಆಟದ ಮೊದಲ ಒಲಿಂಪಿಕ್ ಚಿನ್ನ ತಂದಿದ್ದ. ಗಾಳಿಯಲ್ಲಿ ಮೂರು ಸುತ್ತು ತಿರುಚಿಕೊಂಡು ಇಳಿಯುವ ಅವನ ಹಾರಾಟ ಅವನ ಹೆಸರಿನಲ್ಲೇ ದಾಖಲಾಗಿದೆ. ಮೊದಲ ಸಲ ಇಳಿಯುವಾಗ ಕಾಲು ಮುಂದೆ ಹೋಯಿತು. ಎರಡನೆಯ ಸಲ ಕಂಬ ನೆಟ್ಟಂತೆ ನಿಂತ. ಇನ್ನೊಬ್ಬ ಟೋಕಿಯೋದಲ್ಲಿ ಗೆದ್ದವನು; ಎದುರಾಳಿಯ ಅಂಕವೂ ಅವನದೂ ಸಮ, ಯಾರ ಹಾರಾಟ ಹೆಚ್ಚು ಕಷ್ಟದ್ದೆಂದು ನೋಡಿ ಚಿನ್ನ ಕೊಟ್ಟರಂತೆ. ನಾನು ಹುಬ್ಬೇರಿಸಿದೆ. ಅಥೆನ್ಸಿನ ಕಥೆಯಂತೂ ನನ್ನಂಥವನಿಗೆ ಹಬ್ಬ. ಅಲ್ಲೊಬ್ಬ ಕೊರಿಯಾದವನ ಕಸರತ್ತಿನ ಬೆಲೆಯನ್ನೇ ತೀರ್ಪುಗಾರರು ಒಂದಿಷ್ಟು ಕಡಿಮೆ ಹಿಡಿದರು. ಅಷ್ಟೇ ಅಷ್ಟರಲ್ಲಿ ಚಿನ್ನ ಹೋಗಿ ಕಂಚಾಯಿತು. ಇವರು ತಕರಾರು ಎತ್ತುವಾಗ ಹೊತ್ತು ಮೀರಿತ್ತು. ನೋಡಲು ಕೂತವರು ಸರಿಯಾಗಿ ನೋಡದಿದ್ದರೆ ಹೀಗೇ ಆಗುವುದು ಎಂದು ಸ್ನೇಹಿತರನ್ನು ಎಬ್ಬಿಸಿ ಹೇಳಿದೆ. ಮತ್ತೆ ಓದುತ್ತ ಹೋದರೆ, ಆ ಹುಡುಗನ ಕಸರತ್ತಿನಲ್ಲಿ ತೀರ್ಪುಗಾರರ ಕಣ್ಣಿಗೆ ಬೀಳದ ಒಂದು ತಪ್ಪೂ ಇತ್ತು, ಅದನ್ನು ಹಿಡಿದಿದ್ದರೆ ಕಂಚೂ ಉಳಿಯುತ್ತಿರಲಿಲ್ಲ ಎಂದು ವಾದಿಸುವವರೂ ಇದ್ದರು. ಅಲ್ಲಿಗೆ ಯಾರನ್ನು ನಂಬುವುದು?

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಅಪ್ಪ ಮತ್ತು ಮಗಳು. ಅಪ್ಪ ಅಟ್ಲಾಂಟಾದಲ್ಲಿ ವಾಲ್ಟ್ ಹಾರಿ, ಇಳಿಯುವಾಗ ಕಾಲು ನಿಲ್ಲದೆ, ಬೆಳ್ಳಿಗೆ ತೃಪ್ತಿಪಟ್ಟವರು. ಎಷ್ಟೋ ವರ್ಷಗಳ ಮೇಲೆ ಅದೇ ವಾಲ್ಟಿನಲ್ಲಿ ಮಗಳು ಕಂಚು ಗೆದ್ದಳು. ಆ ದೇಶದ ಹೆಣ್ಣುಮಕ್ಕಳಿಗೆ ಈ ಆಟದಲ್ಲಿ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಅವಳು ಹಾರುವಾಗ ಅಪ್ಪ ಟಿವಿಯಲ್ಲಿ ಆಟದ ವಿವರಣೆ ಕೊಡುತ್ತ ಕೂತಿದ್ದರಂತೆ. ಆ ಅಪ್ಪನಿಗಾದರೂ ಟಿವಿ ಇತ್ತು. ನನಗೆ ಗೋಡೆ ಮಾತ್ರ.

ತಿಂಗಳುಗಳು ಕಳೆದವು. ಹಾರುವುದನ್ನು ಯಾವಾಗ ಕಲಿಸುತ್ತಾರೆ ಎಂದು ಕೇಳಿದರೆ, ಈಗ ಬೀಳುವುದು ಕಲಿಯುತ್ತಿದ್ದೇವೆ ಎನ್ನುತ್ತಿದ್ದಳು ಮಗಳು. ಬೀಳುವುದನ್ನು ಕಲಿಯಲು ಕೊರಿಯಾದಿಂದ ಟೀಚರ್ ಬರಬೇಕೇ? ನಮ್ಮ ಊರಿನ ಪಾಚಿ ಕಟ್ಟಿದ ಅಂಗಳದಲ್ಲಿ ನಾನು ಧರ್ಮಕ್ಕೆ ಕಲಿತಿದ್ದೆ.

ಒಂದು ಸೋಮವಾರ ಆ ಸದ್ದು ಕೇಳಿತು. ಹಿಂಗೋಡೆಯ ಎತ್ತರದಲ್ಲಿ ಒಂದು ಎಕ್ಸಾಸ್ಟ್ ಫ್ಯಾನ್ ಇತ್ತು. ಅದು ಕೆಟ್ಟು ನಿಂತಿತ್ತೋ ಏನೋ, ಒಳಗಿನದೆಲ್ಲ ಹೊರಗೆ ಕೇಳುವಂತಾಗಿತ್ತು. ಪಟಾರ್. ಸ್ವಲ್ಪ ಹೊತ್ತು ಮೌನ. ಮತ್ತೆ ಪಟಾರ್. ಯಾರೋ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕರೆದು ಬಾರಿಸುತ್ತಿದ್ದ ಹಾಗಿತ್ತು. ನನ್ನ ಚಾ ಕೈಯಲ್ಲೇ ತಣ್ಣಗಾಯಿತು. ಅದು ಜಿಜಾನಿನ ಅಂಗೈ. ನನಗೆ ಎಳ್ಳಷ್ಟೂ ಸಂಶಯ ಉಳಿಯಲಿಲ್ಲ.

ಸ್ನೇಹಿತರನ್ನು ಎಬ್ಬಿಸಿ ಕೇಳಿಸಿದೆ. ಅವರು ಕಿವಿಗೊಟ್ಟು ಕೇಳಿ ಪುನಃ ಒರಗಿದರು.

“ಎಂತ ಮಾರಾಯ್ರೆ, ಮೊಸರಲ್ಲಿ ಕಲ್ಲು ಹುಡುಕ್ಲಿಕ್ಕೆ ಹೋಗ್ತೀರಿ. ಪೆಟ್ಟು ಬಿದ್ರೆ ಮಕ್ಕಳು ಕೂಗುದಿಲ್ವಾ?”

ನನ್ನನ್ನು ಕಾಡಿದ್ದೂ ಅದೇ. ಯಾರೂ ಅಳುತ್ತಿರಲಿಲ್ಲ. ಅತ್ತರೆ ಇನ್ನೊಂದು ಬೀಳುತ್ತದೆ ಎಂದು ಗೊತ್ತಿದ್ದ ಮಕ್ಕಳು ಅಳುವುದಿಲ್ಲ. ನಮ್ಮ ಶಾಲೆಯಲ್ಲಿ ನಾವೂ ಅಳುತ್ತಿರಲಿಲ್ಲ.

ಅಂದಿನಿಂದ ಮಗಳ ಮೈಯನ್ನು ನಾನು ಪೈಪ್ ನೋಡಿದ ಹಾಗೆ ನೋಡತೊಡಗಿದೆ. ಮುಂಗೈಯಲ್ಲಿ ಒಂದು ನೀಲಿ ಗುರುತು. ಅಂಗೈಯಲ್ಲಿ ಸುಲಿದ ಚರ್ಮ. ಏನಿದು ಎಂದರೆ ಏನಿಲ್ಲ. ಯಾರು ಮಾಡಿದ್ದು ಎಂದರೆ ಯಾರೂ ಇಲ್ಲ. ನೋವುಂಟಾ ಎಂದರೆ ಇಲ್ಲವೇ ಇಲ್ಲ. ಮರುವಾರದಿಂದ ಮನೆಯೊಳಗೂ ಉದ್ದ ತೋಳಿನ ಅಂಗಿ ಹಾಕತೊಡಗಿದಳು. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಚಡಪಡಿಸಿದೆ. ಕ್ಲಾಸು ನಿಲ್ಲಿಸಿಬಿಡುತ್ತೇನೆ ಎಂದು ಊಟದ ಮೇಜಿನಲ್ಲಿ ಹೇಳಿದಾಗ ಮಗಳ ಮುಖ ಬಿಳಿಚಿಕೊಂಡಿತು. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಟೀಚರಿಗೆ ಹೆದರಿದ್ದಾಳೆ ಎಂದುಕೊಂಡೆ ನಾನು.

ನನ್ನ ಕಾಟ ತಡೆಯಲಾರದೆ ಹೆಂಡತಿ ಒಂದು ಸಂಜೆ ರಜೆ ಹಾಕಿ ಒಳಗೆ ಹೋಗಲು ಒಪ್ಪಿದಳು. ಹೋಗುವ ಮೊದಲು ಏನೇನು ನೋಡಬೇಕೆಂದು ಅವಳಿಗೆ ಪಾಠ ಮಾಡಿದೆ: ಟೀಚರ ಕೈ ಎಲ್ಲಿರುತ್ತದೆ, ಮಕ್ಕಳು ಆಕೆಯನ್ನು ಕಂಡು ಕುಗ್ಗುತ್ತಾರೆಯೇ, ಮೂಲೆಯಲ್ಲಿ ಬೆತ್ತವೋ ಪಟ್ಟಿಯೋ ಉಂಟೇ. ಅವಳು ತಲೆಯಾಡಿಸಿ ಹೋದಳು. ಹೊರಗೆ ಬರುವಾಗ ಮುಖದಲ್ಲಿ ಏನೂ ತೋರಿಸಲಿಲ್ಲ. ಮನೆಗೆ ಬಂದು, ಮಗಳು ಸ್ನಾನಕ್ಕೆ ಹೋದ ಮೇಲೆ ಬಾಯಿಬಿಟ್ಟಳು. ನಮ್ಮ ಮನೆಮಾತು ಕೊಂಕಣಿ. ಅವಳ ಮಾತನ್ನು ನಾನಿಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಪೆಟ್ಟು ಎಂಬುದು ಅಲ್ಲಿ ಇಲ್ಲವೇ ಇಲ್ಲ. ಆ ಸದ್ದು ಮೇಜಿನದು. ಓಡಿ ಬಂದು ಹಾರುವ ಮಕ್ಕಳ ಎರಡೂ ಅಂಗೈ ಒಟ್ಟಿಗೆ ಅದಕ್ಕೆ ಬಡಿದಾಗ ಬರುವ ಸದ್ದು. ವಿಡಿಯೋದಲ್ಲಿ ನೋಡಲಿಲ್ಲವೇ ಎಂದು ಕೇಳಿದಳು. ನೋಡಿದ್ದೆ, ಸದ್ದು ಬಂದ್ ಮಾಡಿ. ಇದನ್ನು ಅವಳಿಗೆ ಹೇಳಲಿಲ್ಲ.

“ಆ ಹೆಂಗಸಿನ ಕೈ ನೀವು ನೋಡ್ಬೇಕಿತ್ತು. ಮಗು ಹಾರುವಾಗ ಬದಿಯಲ್ಲಿ ನಿಂತು ಬೆನ್ನಿಗೆ ಕೈ ಕೊಡ್ತಾರೆ. ಬೀಳ್ತಾ ಬರುವ ಮಕ್ಕಳ ಮೊಣಕಾಲು, ಹಿಮ್ಮಡಿ ಎಲ್ಲ ಆ ಕೈಗೇ ತಾಗುದು. ಮಣಿಕಟ್ಟಿಂದ ಮೊಣಕೈ ತನಕ ಎರಡೂ ಕೈ ನೀಲಿ ಆಗಿದೆ. ಅಷ್ಟು ಪೆಟ್ಟು ನಮ್ಮ ಮಗಳ ಮೈಮೇಲೆ ಎಲ್ಲೂ ಇಲ್ಲ.”

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇನ್‌ಸ್ಪೆಕ್ಟರ್ ಬರುತ್ತಾನೆಂದು ಮೊದಲೇ ತಿಳಿದರೆ ಯಾವ ಯಾರ್ಡೂ ಗುಡಿಸಿ ಸಾರಿಸಿದ ಅಂಗಳವಾಗುತ್ತದೆ ಎಂದೆ. ಹೆಂಡತಿ ಹಣೆ ಚಚ್ಚಿಕೊಂಡಳು. ಆಮೇಲೆ, ಹೇಳಬೇಕೋ ಬೇಡವೋ ಎಂಬ ಹಾಗೆ, ಇನ್ನೊಂದು ಹೇಳಿದಳು. ಎಲ್ಲ ಮಕ್ಕಳನ್ನೂ ಮೇಜಿನ ಮೇಲೆ ಹಾರಿಸಿದರು. ನಮ್ಮವಳನ್ನು ಮಾತ್ರ ಹಾರಿಸಲಿಲ್ಲ. ಅವಳು ಬದಿಯ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು. ವಾರಗಳಿಂದ ಹಾಗೇ ಅಂತೆ.

ಹೋದ ಜೀವ ಬಂದಂತಾಯಿತು ನನಗೆ. ಅನುಮಾನಕ್ಕೆ ಹೊಸ ಜಾಗ ಸಿಕ್ಕಿತು. ನಮ್ಮ ಮೈಬಣ್ಣ ನೋಡಿ ಬದಿಗೆ ಕೂರಿಸಿದರೇ? ಆದರೆ ಸ್ನೇಹಿತರ ಮಗಳು ನಮ್ಮವಳಿಗಿಂತ ಒಂದು ಕೈ ಕಪ್ಪು, ಅವಳು ಹಾರುತ್ತಿದ್ದಳು. ಹಾಗಾದರೆ ಏನು? ರಂಜಾನಿಗೆ ಮೊದಲು ತಾಯಂದಿರ ಎದುರು ಮಕ್ಕಳ ಪ್ರದರ್ಶನವಿತ್ತು. ಮನೆಯಲ್ಲಿ ಅದರ ಮಾತೆತ್ತಿದರೆ ಮಗಳು ಎದ್ದು ಕೋಣೆಗೆ ಹೋಗುತ್ತಿದ್ದಳು. ದಿಂಬಿನ ಕೆಳಗೆ ಮುಖ ಹುದುಗಿಸಿ ಅಳುತ್ತಾಳೆ ಎಂದು ಹೆಂಡತಿ ಹೇಳಿದಳು. ಆ ಮೇಜನ್ನು ಹಾರುವುದಕ್ಕಿಂತ ದೊಡ್ಡ ಆಸೆ ಅವಳಿಗೆ ಬೇರೆ ಇರಲಿಲ್ಲ.

ಟೀಚರನ್ನು ಕಾಣಬೇಕು ಎಂದು ಬಾಗಿಲಲ್ಲಿದ್ದ ಬಾಂಗ್ಲಾದ ಕಾವಲುಗಾರನ ಹತ್ತಿರ ಹೇಳಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಬಿಳಿ ಶೂಗಳು ಬಂದವು. ಪರದೆ ಸರಿಸಿ, ಅಬಾಯಾದ ಕಪ್ಪು ನಿಲುವಂಗಿ ಹೊದ್ದ ಗಿಡ್ಡ ಹೆಂಗಸು ಮೆಟ್ಟಿಲಿಗೆ ಬಂದರು. ನಡೆಯುವಾಗ ಒಂದು ಕಾಲನ್ನು ಜೋಪಾನವಾಗಿ ಊರುತ್ತಿದ್ದರು. ಇಂಗ್ಲಿಷ್ ನಮ್ಮ ಸೈಟಿನದ್ದೇ: ಕ್ರಿಯಾಪದ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಅದು ನನಗೆ ಬರುವ ಭಾಷೆ. ನನ್ನ ಮಗಳನ್ನೇಕೆ ಹಾರಿಸುತ್ತಿಲ್ಲ ಎಂದು ನೇರವಾಗಿ ಕೇಳಿದೆ.

“ನಿಮ್ಮ ಮಗಳಿಗೆ ಯಾವತ್ತೂ ಎಲ್ಲೂ ನೋವಿಲ್ಲ,” ಎಂದರು ಅವರು.

ಅದು ಒಳ್ಳೆಯದಲ್ಲವೇ ಎಂದೆ.

“ಎಲ್ಲ ಮಕ್ಕಳೂ ಹೇಳುತ್ತಾರೆ. ಇಲ್ಲಿ ನೋಯುತ್ತದೆ, ಅಲ್ಲಿ ನೋಯುತ್ತದೆ. ಇವಳು ಬಿದ್ದು ಏಳುತ್ತಾಳೆ, ಕುಂಟುತ್ತಾಳೆ, ನೋವಿಲ್ಲ ಎನ್ನುತ್ತಾಳೆ. ನೋವನ್ನು ಮುಚ್ಚಿಡುವ ಹುಡುಗಿಯನ್ನು ನಾನು ಮೇಜಿಗೆ ಬಿಡುವುದಿಲ್ಲ. ಯಾವ ದಿನ ಬೀಳುತ್ತಾಳೆ ನನಗೆ ಗೊತ್ತಾಗುವುದಿಲ್ಲ.”

ಈ ಹೆಂಗಸು ನನ್ನ ಮಗಳನ್ನು ಹೋಲ್ಡಿನಲ್ಲಿ ಇಟ್ಟಿದ್ದರು. ನಾನು ಇಷ್ಟು ವರ್ಷ ಮಾಡಿಕೊಂಡು ಬಂದ ಕೆಲಸವನ್ನೇ ಅವರು ಮಾಡುತ್ತಿದ್ದರು, ನನ್ನ ಮನೆಯ ಮಾಲಿನ ಮೇಲೆ.

ಆಮೇಲೆ ಅವರು ತುಸು ನಕ್ಕರು. “ನನ್ನ ಹೆಸರು ಹುಡುಕಿದಿರಂತೆ, ನಿಮ್ಮ ಮಗಳು ಹೇಳಿದಳು. ಸಿಗುವುದಿಲ್ಲ,” ಎಂದರು. ದೇಶದ ತಂಡಕ್ಕೆ ಆಯ್ಕೆಯಾಗುವ ಹೊಸ್ತಿಲಲ್ಲಿದ್ದಾಗ ಅವರ ಪಾದದ ಕೀಲು ನೋಯುತ್ತಿತ್ತಂತೆ. ಹೇಳಿದರೆ ತೆಗೆದುಹಾಕುತ್ತಾರೆಂದು ಹೇಳಲಿಲ್ಲವಂತೆ. ಒಂದು ದಿನ ಅದರ ಮೇಲೆಯೇ ಇಳಿದರು. ಅಲ್ಲಿಗೆ ಆಟ ಮುಗಿಯಿತು. ತಂಡದಲ್ಲಿದ್ದವರು ಎಂಬುದು ಮಕ್ಕಳು ಕಟ್ಟಿದ ಕಥೆ, ತಾನು ಯಾರಿಗೂ ಹಾಗೆ ಹೇಳಿಲ್ಲ ಎಂದರು. ಕೊನೆಗೆ, ಒಳಗೆ ಹೋಗಲು ತಿರುಗಿದವರು ನಿಂತು ಒಂದು ಮಾತು ಸೇರಿಸಿದರು.

“ಅವಳು ಹೆದರುವುದು ನನಗಲ್ಲ.”

ಮನೆಯ ದಾರಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಎರಡೂ ಹುಡುಗಿಯರು ಪಿಸುಗುಟ್ಟುತ್ತಿದ್ದರು. ಸ್ನೇಹಿತರನ್ನೂ ಅವರ ಮಗಳನ್ನೂ ಇಳಿಸಿದ ಮೇಲೆ ಮಗಳು ಮುಂದಿನ ಸೀಟಿಗೆ ಬಂದು ಕೂತಳು. ನೋವಿದ್ದರೆ ಟೀಚರ ಹತ್ತಿರ ಹೇಳು, ನಾನು ಕ್ಲಾಸು ನಿಲ್ಲಿಸುವುದಿಲ್ಲ ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

“ಪಪ್ಪಾ ಸುಮ್ಮನೆ ಹೇಳುದು. ಮತ್ತೆ ನಿಲ್ಲಿಸ್ತೀರಿ.”

ನಾನು ಹೌಹಾರಿದೆ. ನನ್ನ ಮಗಳು ನನ್ನನ್ನು ನಂಬುತ್ತಿರಲಿಲ್ಲ. ನೂಲಿನಂತೆ ಸೀರೆ, ತಂದೆಯಂತೆ ಮಗಳು. ಬಿತ್ತಿದವನು ನಾನೇ, ಬೆಳೆ ಕಂಡು ಗಾಬರಿಯಾದರೆ ಯಾರ ಹತ್ತಿರ ದೂರುವುದು? ಆಣೆ ಮಾಡಿ ಹೇಳಬಹುದಿತ್ತು. ಆದರೆ ಆಣೆ ಮಾಡುವವರನ್ನು ಕಂಡರೆ ನನಗೇ ಆಗದು, ಅವಳಿಗೆ ಹೇಗೆ ಆದೀತು? ಇವಳ ಕಾಲು ಮುರಿದರೂ ನನಗೆ ಕೊನೆಗೆ ತಿಳಿಯುವುದು ಎಂಬ ಯೋಚನೆ ಆ ದಿನ ನನ್ನನ್ನು ಬಿಡಲಿಲ್ಲ.

ಅವಳು ನನ್ನನ್ನು ಪರೀಕ್ಷೆಗೆ ಹಾಕಿದಳು. ನೇರವಾಗಿ ಅಲ್ಲ, ನನ್ನ ರೀತಿಯಲ್ಲೇ. ಮುಂದಿನ ಕ್ಲಾಸು ಮುಗಿಸಿ ಬಂದವಳು, ಇವತ್ತು ಹೆಬ್ಬೆರಳು ಸ್ವಲ್ಪ ನೋಯುತ್ತಿತ್ತು ಎಂದು ಗಾಳಿಗೆ ಹೇಳಿದ ಹಾಗೆ ಹೇಳಿ ಓರೆಗಣ್ಣಿಂದ ನನ್ನ ಮುಖ ನೋಡಿದಳು. ನಾನು ಹೌದಾ ಎಂದೆ. ಸಿಗ್ನಲ್ ಹಸಿರಾಯಿತು, ಗಾಡಿ ಬಿಟ್ಟೆ. ನಾಲಗೆಯ ತುದಿಗೆ ಹತ್ತಾರು ಪ್ರಶ್ನೆ ಬಂದು ಕೂತಿದ್ದವು. ಇನ್ನೊಂದು ಸಂಜೆ ಮಣಿಕಟ್ಟು. ಮತ್ತೊಂದು ಸಂಜೆ ಸೊಂಟ, ಮತ್ತೆ ಅದನ್ನು ಟೀಚರಿಗೂ ಹೇಳಿದೆ ಎಂಬ ಮಾತು. ಟೀಚರ್ ಏನು ಮಾಡಿದರು ಎಂದರೆ, ಐಸ್ ಇಟ್ಟು ಕೂರಿಸಿದರು, ಆಮೇಲೆ ಸರಿಯಾಯಿತು ಎಂದಳು. ಸೊಂಟ ಎಂದ ದಿನ ನಾನು ಸ್ಟಿಯರಿಂಗ್ ಹಿಡಿದ ಬೆರಳು ಬಿಳಿಯಾಗಿತ್ತು. ಅವಳ ಕಣ್ಣು ಅಲ್ಲಿಗೂ ಹೋಯಿತು. ನಾನು ಬೆರಳು ಸಡಿಲ ಮಾಡಿದೆ.

ನನ್ನ ಬಾಯಿ ಹೀಗೆ ಮುಚ್ಚಿದ್ದು ಕಂಡು ಬಂಟ್ವಾಳದ ಸ್ನೇಹಿತರಿಗೆ ದಿಗಿಲಾಯಿತು. ಜ್ವರ ಗಿರ ಉಂಟಾ ಎಂದು ವಿಚಾರಿಸಿದರು.

ಪ್ರದರ್ಶನಕ್ಕೆ ಇನ್ನೇನು ಸ್ವಲ್ಪವೇ ದಿನ ಇರುವಾಗ ಮಗಳನ್ನು ಮೇಜಿಗೆ ಬಿಟ್ಟರು. ಆ ಸಂಜೆ ಅವಳು ಕಾರಿಗೆ ಓಡಿ ಬಂದ ಪರಿ ನೋಡಿಯೇ ನನಗೆ ಗೊತ್ತಾಯಿತು. ಕೈ ತುಂಬ ಜಾರದಿರಲೆಂದು ಹಚ್ಚುವ ಬಿಳಿ ಪುಡಿ, ಡ್ಯಾಶ್‌ಬೋರ್ಡಿನ ಮೇಲೆಲ್ಲ ಬೆರಳಚ್ಚು. ಟೀಚರ್ ಮೊದಮೊದಲು ಬೆನ್ನಿಗೆ ಕೈ ಕೊಡುತ್ತಾರಂತೆ. ಇನ್ನು ಕೈ ಬೇಡ ಅನ್ನಿಸಿದ ಮೇಲೆ, ಮಗು ಹಾರುವಾಗ ಬೆನ್ನು ತಿರುಗಿಸಿ ನಿಂತುಬಿಡುತ್ತಾರಂತೆ.

ನೋಡುವುದೇ ಇಲ್ಲವೇ ಎಂದು ನಾನು ಕೇಳಿದ್ದು ಸ್ವಲ್ಪ ಜೋರಾಗಿಯೇ ಇತ್ತು.

ಕೇಳುತ್ತಾರೆ ಎಂದಳು ಮಗಳು. ಎರಡೂ ಪಾದ ಒಟ್ಟಿಗೆ ಬಿದ್ದು ಅಲ್ಲಾಡದೆ ನಿಂತರೆ ಒಂದೇ ಸದ್ದು. ಹೆಜ್ಜೆ ತಪ್ಪಿದರೆ ಎರಡು. ಟೀಚರ್ ಚಿಕ್ಕವರಿದ್ದಾಗ ಅವರ ಟೀಚರೂ ಹಾಗೆಯೇ ಮಾಡುತ್ತಿದ್ದರಂತೆ. ಕಣ್ಣು ಮೈಯ ಚೆಂದ ನೋಡಿ ಮೋಸಹೋಗುತ್ತದೆ, ಕಿವಿ ಹೋಗುವುದಿಲ್ಲ ಎಂದು. ಇದೆಂಥ ಇನ್‌ಸ್ಪೆಕ್ಷನ್ ಎಂದು ನನ್ನ ಮನಸ್ಸು ಗೊಣಗಿತು. ನಮ್ಮ ಯಾರ್ಡಿನಲ್ಲಿ ಹಾಗೆ ಮಾಡಿದವನನ್ನು ಅದೇ ದಿನ ಊರಿಗೆ ಕಳಿಸುತ್ತಿದ್ದರು.

ಪ್ರದರ್ಶನದ ದಿನ ಹೆಂಡತಿಗೆ ಡ್ಯೂಟಿ ಬದಲಾಗಲಿಲ್ಲ. ಎಷ್ಟು ಕೇಳಿಕೊಂಡರೂ ವಾರ್ಡಿನಲ್ಲಿ ಜನವಿರಲಿಲ್ಲ. ಸ್ನೇಹಿತರ ಹೆಂಡತಿ ಒಳಗೆ ಹೋದರು. ನಮ್ಮವಳ ಹಾರಾಟವನ್ನು ತಾನೇ ನೋಡಿ ಹೇಳುತ್ತೇನೆ ಎಂದರು. ಬೇರೆಯವರ ಕಣ್ಣನ್ನು ನಂಬಬೇಕಾದ ಪಾಡು ನನ್ನದು. ಬಾಗಿಲಲ್ಲಿ ಮಗಳನ್ನು ಬಿಡುವಾಗ ಟೀಚರ್ ಪರದೆಯ ಅಂಚಿನಲ್ಲಿ ನಿಂತಿದ್ದರು. ಅಬಾಯಾದ ತೋಳು ಸರಿದು ಮುಂಗೈ ಕಂಡಿತು. ಹೆಂಡತಿ ಹೇಳಿದ್ದು ಸುಳ್ಳಾಗಿರಲಿಲ್ಲ. ಹಳದಿ, ನೀಲಿ, ಹೊಸತು, ಹಳತು. ಅವರು ನನ್ನನ್ನು ನೋಡಿ ವಿಲ್ಲಾದ ಹಿಂಬದಿಯ ಕಡೆ ಕೈ ತೋರಿಸಿದರು, ಆಮೇಲೆ ತಮ್ಮ ಕಿವಿಯನ್ನು ಮುಟ್ಟಿಕೊಂಡರು.

ನಾನು ಹಿಂದಿನ ಗಲ್ಲಿಗೆ ಹೋಗಿ ಆ ಕೆಟ್ಟ ಫ್ಯಾನಿನ ಕೆಳಗೆ ನಿಂತೆ. ಎ.ಸಿ.ಯ ನೀರು ತೊಟ್ಟಿಕ್ಕಿ ಅಂಗಿಯ ಭುಜ ಒದ್ದೆಯಾಗುತ್ತಿತ್ತು. ಸ್ನೇಹಿತರು ಅಂದು ನಿದ್ದೆ ಮಾಡಲಿಲ್ಲ, ಪಕ್ಕದಲ್ಲಿ ಬಂದು ನಿಂತರು. ಒಳಗೆ ಒಬ್ಬೊಬ್ಬರ ಹೆಸರನ್ನೂ ಅರಬಿಯಲ್ಲಿ ಕೂಗುತ್ತಿದ್ದರು, ಪ್ರತಿ ಸಲವೂ ಚಪ್ಪಾಳೆ. ಸ್ನೇಹಿತರ ಮಗಳದಾಯಿತು, ಅವರು ಕಣ್ಣುಮುಚ್ಚಿ ಏನೋ ಹೇಳಿಕೊಂಡರು. ಆಮೇಲೆ ನನ್ನ ಮಗಳ ಹೆಸರು ಕೇಳಿತು.

ಓಟ. ಮೊದಲು ಮೆತ್ತಗೆ, ಆಮೇಲೆ ಜೋರು. ಹಲಗೆ ದಡಾರೆಂದಿತು. ಪಟಾರ್, ಅಂಗೈ. ಆಮೇಲೆ ಏನೂ ಇಲ್ಲ. ಅಷ್ಟು ಹೊತ್ತು ಅವಳು ಎಲ್ಲಿಯೂ ಇರಲಿಲ್ಲ, ನೆಲದಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ, ಆ ಟೀಚರ ಕೈಯಲ್ಲೂ ಇಲ್ಲ.

ಧಪ್. ಮತ್ತೆ ಹಿಂದೆಯೇ ಇನ್ನೊಂದು, ಚಿಕ್ಕದು. ಧಪ್.

ಚಪ್ಪಾಳೆ ಬಿತ್ತು. ಸ್ನೇಹಿತರು ನನ್ನ ಬೆನ್ನು ತಟ್ಟಿ ಸಕತ್ತಾಯಿತು ಎಂದರು. ಎರಡು ಸದ್ದು ಎಂದು ನಾನು ಹೇಳಲಿಲ್ಲ.

ಸ್ನೇಹಿತರ ಹೆಂಡತಿ ಹೊರಗೆ ಬಂದವರೇ, ನಿಮ್ಮ ಮಗಳು ಗೊಂಬೆ ಇಟ್ಟ ಹಾಗೆ ನಿಂತಳು, ಒಂಚೂರೂ ಅಲುಗಲಿಲ್ಲ ಎಂದು ಹೊಗಳಿದರು. ಪ್ರೀತಿಯ ಮಾತು. ನಾನು ಒಪ್ಪಿಕೊಂಡ ಹಾಗೆ ತಲೆಯಾಡಿಸಿದೆ. ಅವರು ಮನೆಮಂದಿಯೆಲ್ಲ ತಮ್ಮ ಕಾರಿನಲ್ಲಿ ಹೋದರು. ಮಗಳು ನನ್ನ ಪಕ್ಕದಲ್ಲಿ ಬಂದು ಕೂತಳು, ಬೆಲ್ಟ್ ಹಾಕಿಕೊಂಡಳು. ಹೇಗಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಅದು ತನಿಖೆಯಾಗುತ್ತದೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂದೆವು. ಅವಳು ಹೊರಗೆ ನೋಡುತ್ತಲೇ ಇದ್ದಳು.

“ಒಂದು ಹೆಜ್ಜೆ ಹೋಯ್ತು ಪಪ್ಪಾ,” ಎಂದಳು. ಸ್ವಲ್ಪ ಬಿಟ್ಟು, “ಮೊಣಕಾಲು ನೋಯ್ತಾ ಉಂಟು.”

ಯಾವ ಮೊಣಕಾಲು, ಯಾವಾಗಿನಿಂದ, ಊದಿದೆಯಾ, ಟೀಚರಿಗೆ ಗೊತ್ತುಂಟಾ ಎಂದು ಎಲ್ಲವೂ ಗಂಟಲಿಗೆ ಬಂದು ನಿಂತವು. ಎಲ್ಲವನ್ನೂ ನುಂಗಿದೆ.

“ಮುಂದಿನ ಕ್ಲಾಸು ಯಾವಾಗ?” ಎಂದೆ.

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು, ನಾನು ಪೈಪ್ ನೋಡುವ ಹಾಗೆ. ಆಮೇಲೆ ಬಗ್ಗಿ, ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ, ಕಾಲನ್ನು ನನ್ನ ಕಡೆಗೆ ತಿರುಗಿಸಿ ತಾನಾಗಿಯೇ ತೋರಿಸಿದಳು.